ಸೊಳ್ಳೆಪರದೆಯ ಕಾವಲು

ಕೆರೆ ದಂಡೆಯ ಬಯಲಿನಲ್ಲಿ ಬೀಡುಬಿಟ್ಟಿದ್ದ ಚನ್ನವೀರಪ್ಪನ ಸೊಳ್ಳೆಪರದೆಗೆ ತನ್ನ ಕಾವಲಿನ ಮೇಲೆ ಬಲು ಜಂಬ. ಹೊರಗೆ ಗುಂಯ್‌ಗುಡುತ್ತಿದ್ದ ದಂಡನ್ನೇ ದುರುಗುಟ್ಟಿ ನೋಡುತ್ತಿದ್ದ ಅದಕ್ಕೆ, ಯಜಮಾನನ ಬೆನ್ನಿಗಂಟಿ ಒಂದು ಸೊಳ್ಳೆ ಆಗಲೇ ಒಳಗೆ ಬಂದಿದ್ದು ಕಾಣಲಿಲ್ಲ.

ಅಷ್ಟರಲ್ಲಿ ಕೆರೆಯಿಂದ ಕಪ್ಪೆಯೊಂದು ಕುಪ್ಪಳಿಸಿ ಬಂತು. "ಪರದೆಯವರೇ, ಒಳಗೊಬ್ಬ ಕಳ್ಳ ಸೇರಿಕೊಂಡಿದ್ದಾನೆ. ನಿಮ್ಮ ಅಂಚು ತುಸು ಎತ್ತಿದರೆ ಒಂದೇ ಗುಟುಕಿಗೆ ಮುಗಿಸುತ್ತೇನೆ."

"ನಾನು ಕಾಯುವಲ್ಲಿ ಕಳ್ಳನೇ?" ಎಂದಿತು ಪರದೆ. "ಹೊರಗಿನವರನ್ನು ಒಳಗೆ ಬಿಡುವುದು ನನ್ನ ಜಾಯಮಾನವಲ್ಲ. ನಡಿ ಆಚೆ."

"ಭೇಷ್, ಕಾವಲು ಎಂದರೆ ಹೀಗಿರಬೇಕು," ಎಂದು ಒಳಗಿನಿಂದ ಸಣ್ಣ ದನಿಯೊಂದು ಕೇಳಿತು. ಪರದೆ ಹಿಗ್ಗಿ ಹೀರೇಕಾಯಿಯಾಯಿತು. ದನಿ ಯಾರದೆಂದು ಮಾತ್ರ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಚನ್ನವೀರಪ್ಪ ಮೈಕೈ ಪರಚಿಕೊಳ್ಳುತ್ತ, ಪರದೆಗೆ ಹಿಡಿಶಾಪ ಹಾಕುತ್ತ ಎದ್ದುಹೋದ.

"ಒಂದು ಕಪ್ಪೆಯನ್ನೂ ಒಳಗೆ ಬಿಡಲಿಲ್ಲ, ಆದರೂ ಬೈಗುಳ ತಪ್ಪಲಿಲ್ಲ," ಎಂದು ಪರದೆ ನೊಂದುಕೊಂಡಿತು.

ಹೊಟ್ಟೆ ಭಾರವಾಗಿ ಹಾರಲಾರದೆ ಅದರ ಮಡಿಕೆಯಲ್ಲೇ ಕೂತಿದ್ದ ಸೊಳ್ಳೆ ಸಮಾಧಾನ ಹೇಳಿತು: "ಬೇಸರ ಮಾಡಿಕೊಳ್ಳಬೇಡಿ. ಇವತ್ತು ಸಂಜೆಯೂ ಕಾವಲಿಗೆ ನೀವೇ ಇರಬೇಕು."