ಇಳಿದು ನಡೆಯುವ ಜಾಗ

"ಬುದ್ಧೀ, ಒಂದು ಹೊಸ ಫೋರ್ ವೀಲ್ ಗಾಡಿ ತಗೊಳ್ಳಲೋ, ಇರುವ ಎರಡು ಹಳೇ ಜೀಪನ್ನೇ ಇಟ್ಟುಕೊಳ್ಳಲೋ?"

ಗುರುಗಳನ್ನು ಹೀಗೆ ಕೇಳಿದವನು ಗುರುಮಲ್ಲ, ಮಠದ ಶಿಷ್ಯ. ಬೆಟ್ಟದ ಮೇಲಿನ ಊರುಗಳಿಗೆ ಜೀಪು ಓಡಿಸಿ ಬದುಕುವವನು. ಒಂದು ಜೀಪನ್ನು ಅವನು ಓಡಿಸುತ್ತಿದ್ದ, ಇನ್ನೊಂದನ್ನು ಅವನ ತಮ್ಮ. ಎರಡಕ್ಕೂ ವಯಸ್ಸಾಗಿತ್ತು. ಪಟ್ಟಣದಲ್ಲಿ ಹೊಸ ಗಾಡಿಯನ್ನು ನೋಡಿ ಬಂದಿದ್ದ. ಬಾಗಿಲು ತೆಗೆದು ಮುಚ್ಚಿ, ಸೀಟಿನ ಮೇಲೆ ಕೂತು, ಇಳಿಯಲು ಮನಸ್ಸಾಗದೆ ಇಳಿದು ಬಂದಿದ್ದ. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಪಕ್ಕದಲ್ಲಿ ಬಿಲ್ವಪತ್ರೆ ಆಯುತ್ತಿದ್ದ ಹಿರಿಯ ಶಿಷ್ಯ ನಕ್ಕ. "ಲೇ, ಮೋಕ್ಷ ಕೇಳೋ ಜಾಗದಲ್ಲಿ ಗೇರ್‌ಬಾಕ್ಸ್ ವಿಷಯ ಕೇಳ್ತೀಯಲ್ಲೋ."

"ಕೇಳಲಿ ಬಿಡು," ಎಂದರು ಗುರುಗಳು. "ಮೋಕ್ಷ ಕೇಳುವವರಲ್ಲಿ ಅರ್ಧ ಜನಕ್ಕೆ ಅದು ಬೇಕಾಗಿರುವುದಿಲ್ಲ. ಇವನಿಗೆ ಗಾಡಿ ನಿಜವಾಗಿಯೂ ಬೇಕು. ಕೂತ್ಕೋ ಗುರುಮಲ್ಲ."

ಗುರುಮಲ್ಲ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಜೀಪಿನವನಿದ್ದ. ಅವನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ಹೋಗಿದ್ದರಿಂದ ಅಕ್ಕನೇ ಅವನನ್ನು ಎತ್ತಿ ಬೆಳೆಸಿದ್ದಳು. ಅವಳನ್ನು ಬೆಟ್ಟದ ಮೇಲಿನ ಊರಿಗೆ ಕೊಟ್ಟಿದ್ದರು. ಅಲ್ಲಿಗೆ ಕಾಲುದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅಕ್ಕನ ಮೊಣಕಾಲು ಹಿಡಿದುಕೊಂಡಿತು. ತವರಿಗೆ ಬರುವುದು ನಿಂತಿತು. ಅದನ್ನು ನೋಡಲಾರದೆ ತಮ್ಮ ಒಂದು ಹಳೇ ಜೀಪು ತಂದ. ಅದು ಕೆಟ್ಟಾಗ ಇರಲಿ ಎಂದು ಇನ್ನೊಂದು ತಂದ. ಒಂದು ಓಡುತ್ತಿದ್ದರೆ ಇನ್ನೊಂದು ಮಲಗಿರುತ್ತಿತ್ತು. ಇದರ ಬೋಲ್ಟು ಅದಕ್ಕೆ, ಅದರ ಪೈಪು ಇದಕ್ಕೆ. ಊರಿನವರು ಕಾಲುದಾರಿಯನ್ನು ಜೀಪಿನಷ್ಟು ಅಗಲ ಮಾಡಿಕೊಟ್ಟರು. ಹೀಗೆ ಬೆಟ್ಟದ ಊರಿಗೆ ಜೀಪು ಹೋಗುವ ಹಾಗಾಯಿತು. ಅಕ್ಕ ಪ್ರತಿ ಗೌರಿಹಬ್ಬಕ್ಕೆ ತವರಿಗೆ ಬರುವ ಹಾಗಾಯಿತು.

ದಾರಿಯಲ್ಲಿ ಒಂದು ಏರು ಇತ್ತು. ಅಲ್ಲಿ ಆ ಜೀಪು ಜನರನ್ನು ಹೊತ್ತು ಹತ್ತುತ್ತಿರಲಿಲ್ಲ. ಅಲ್ಲಿಗೆ ಬಂದ ಕೂಡಲೇ ಯಾರೂ ಹೇಳದೆ ಎಲ್ಲರೂ ಇಳಿಯುತ್ತಿದ್ದರು. ಇಳಿದವರು ಬರಿಗೈಯಲ್ಲಿ ನಡೆಯುತ್ತಿರಲಿಲ್ಲ. ದಾರಿಯ ಬದಿಯಿಂದ ಕೈಗೆ ಸಿಕ್ಕ ಕಲ್ಲೊಂದನ್ನು ಎತ್ತಿ, ಗಾಲಿ ಕೊರೆದ ಹಳ್ಳಕ್ಕೆ ಹಾಕಿ ಮುಂದೆ ಹೋಗುತ್ತಿದ್ದರು. ಅದು ಅಲ್ಲಿಯ ಪದ್ಧತಿ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣು ಕೂಡ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ಒಂದು ಕಲ್ಲು ಹಾಕಿಯೇ ಗಂಡನ ಊರು ಸೇರುತ್ತಿದ್ದಳು. ಅಕ್ಕನೊಬ್ಬಳಿಗೆ ಮಾತ್ರ ಇಳಿಯುವುದು ಬೇಡ ಎನ್ನುತ್ತಿದ್ದರು. ಅವಳು ಜೀಪಿನಲ್ಲೇ ಕೂತು, "ಅಲ್ಲಿ ಹಾಕ್ರೋ, ಇಲ್ಲಿ ಹಾಕ್ರೋ" ಎಂದು ಬೈಯುತ್ತಿದ್ದಳು.

ಜೀಪು ಕೆಮ್ಮುತ್ತ ಹತ್ತುವುದು. ಇಬ್ಬರು ತಳ್ಳುವುದು. ಒಬ್ಬ ಗಾಲಿಗೆ ಕಲ್ಲು ಕೊಡುವುದು. ಹೆಂಗಸರು ನಗುವುದು. "ನಿನ್ನ ಜೀಪಿಗಿಂತ ನಮ್ಮತ್ತೆ ಬೇಗ ಹತ್ತುತ್ತಾಳೆ ಕಣಣ್ಣಾ! ಅವಳಿಗೆ ಡೀಸೆಲ್ ಬೇರೆ ಬೇಡ!"

ಜೀಪಿನವನೂ ನಗುತ್ತಿದ್ದ. ಆದರೆ ಒಳಗೆ ಅವನಿಗೆ ನಾಚಿಕೆಯಾಗುತ್ತಿತ್ತು.

ಒಂದು ಸಲ ಒಬ್ಬ ಜೇನು ವ್ಯಾಪಾರಿ ಆ ಜೀಪಿನಲ್ಲಿ ಬಂದ. ಏರಿನಲ್ಲಿ ಎಲ್ಲರ ಜೊತೆ ಅವನನ್ನೂ ಇಳಿಸಿದರು. ಅವನ ಬಿಳಿ ಪಂಚೆಗೆ ಕೆಸರು ಹತ್ತಿತು. ಅವನು ಹೇಳಿದ, "ಜನರನ್ನು ನಡೆಸಿಕೊಂಡು ಜೀಪನ್ನು ಕರಕೊಂಡು ಬರುವವನನ್ನು ಇವತ್ತೇ ನೋಡಿದ್ದು."

ಆ ಮಾತು ಜೀಪಿನವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಸುಗ್ಗಿ ಮುಗಿದ ಮೇಲೆ ಅವನು ಹಳೇ ಜೀಪು ಎರಡನ್ನೂ ಕೊಟ್ಟುಬಿಟ್ಟ. ಹೊಸ ಗಾಡಿ ತಂದ.

ಗಾಡಿ ಒಳ್ಳೆಯದೇ. ಅದರಲ್ಲಿ ಸುಳ್ಳಿಲ್ಲ. ಆ ಏರಿನಲ್ಲಿ ಜನರೆಲ್ಲ ರೂಢಿಯಂತೆ ಇಳಿಯಲು ಎದ್ದರು. "ಕೂತ್ಕೊಳ್ಳಿ, ಯಾರೂ ಇಳೀಬೇಡಿ," ಎಂದ ಅವನು. ಗಾಡಿ ಒಂದೇ ಉಸಿರಿಗೆ ಹತ್ತಿತು. ಜನ ಬೆರಗಾದರು. ಮೇಲೆ ಊರಿನವರು ಗಾಲಿಗೆ ತೆಂಗಿನಕಾಯಿ ಒಡೆದರು. ಅಕ್ಕ ಗಾಡಿಯ ಮೈ ಸವರಿ, "ನನ್ನ ತಮ್ಮ ಆನೆ ತಂದ" ಎಂದಳು. ಜೀಪಿನವನ ಎದೆಯ ಮುಳ್ಳು ಅಂದು ಕಿತ್ತು ಬಂತು.

ಆಮೇಲೆ ಯಾರೂ ಇಳಿಯಲಿಲ್ಲ. ಇಳಿಯದ ಮೇಲೆ ಕಲ್ಲು ಹಾಕುವವರೂ ಇಲ್ಲ. ಗಾಡಿಗೆ ಬಲ ಹೆಚ್ಚು, ಅದು ಹತ್ತುವಾಗ ಹಳೇ ಕಲ್ಲುಗಳು ಹಿಂದಕ್ಕೆ ಸಿಡಿಯುತ್ತಿದ್ದವು. ಗಾಲಿಯ ಹಳ್ಳ ಆಳವಾಯಿತು. ಒಂದು ಮಳೆ ಬಂತು, ಹೋಯಿತು. ಹಳ್ಳದಲ್ಲಿ ನೀರು ಹರಿಯಿತು. ಒಳಗೆ ಕೂತವರ ತಲೆ ಒಂದಕ್ಕೊಂದು ತಾಗಿದಾಗ, "ಅಣ್ಣಾ, ದಾರಿ ಕೆಟ್ಟಿದೆ ಕಣೋ" ಎಂದರು. "ಗಾಡಿ ತಡೆಯುತ್ತೆ," ಎಂದ ಅವನು. ನಿಜವಾಗಿಯೂ ತಡೆಯಿತು. ಆ ವರ್ಷ ತಡೆಯಿತು.

ಮುಂದಿನ ವರ್ಷ ಗೌರಿಹಬ್ಬದ ಹಿಂದಿನ ದಿನ ಅವನು ಅಕ್ಕನನ್ನು ಕರೆತರಲು ಹೊರಟ. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಗಾಡಿಯಲ್ಲಿ ಸಂತೆ ಮುಗಿಸಿದ ಜನ ತುಂಬಿದ್ದರು. ಏರಿನ ನಡುವೆ ಗಾಲಿಗಳು ಹಳ್ಳಕ್ಕೆ ಇಳಿದವು. ಗಾಡಿಯ ಹೊಟ್ಟೆ ನಡುವಿನ ದಿಬ್ಬದ ಮೇಲೆ ಕೂತುಬಿಟ್ಟಿತು. ನಾಲ್ಕೂ ಗಾಲಿ ತಿರುಗಿದವು. ಗಾಡಿ ಅಲುಗಲಿಲ್ಲ.

"ಇಳೀರಪ್ಪಾ, ಒಂದೊಂದು ಕಲ್ಲು ಹಾಕಿ," ಎಂದ ಅವನು.

ಜನ ಇಳಿದರು. ತಮ್ಮ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡರು. ಒಬ್ಬ ಹೇಳಿದ, "ನಾವ್ಯಾಕೆ ಹಾಕೋಣ? ಗಾಡಿ ನಿಂದು. ಓಡಿಸೋನು ನೀನು. ದಾರಿ ಕೆಡಿಸಿದ್ದೂ ನಿನ್ನ ಗಾಡೀನೇ."

"ಇಷ್ಟು ವರ್ಷ ಹಾಕ್ತಿದ್ರಲ್ಲ?"

"ಆಗ ಹಾಕದಿದ್ರೆ ನಾವು ಊರು ಸೇರ್ತಿರಲಿಲ್ಲ. ನೀನೇ ತಾನೆ, ಕೂತ್ಕೊಳ್ಳಿ ಇಳೀಬೇಡಿ ಅಂದಿದ್ದು?"

ಕೋಪದಲ್ಲಿ ಹೇಳಿದ ಮಾತಲ್ಲ ಅದು. ಸಹಜವಾಗಿ ಹೇಳಿದರು, ನಡೆದು ಹೋದರು. ಕಲ್ಲು ಹಾಕಬೇಕೆಂಬುದು ಅವರಿಗೆ ಮರೆತಿರಲಿಲ್ಲ. ಅದು ತಮ್ಮ ಕೆಲಸ ಎಂಬುದು ಮರೆತಿತ್ತು.

ಅವನು ಗಾಡಿಯನ್ನು ಅಲ್ಲೇ ಬಿಟ್ಟ. ಅಕ್ಕನಿಗೆ ತಂದಿದ್ದ ಬಾಗಿನದ ಮೊರವನ್ನು ತಲೆಯ ಮೇಲಿಟ್ಟುಕೊಂಡು ನಡೆದು ಹತ್ತಿದ. ಅಕ್ಕ ಹೊಸ ಸೀರೆಯುಟ್ಟು, ಗಂಟು ಕಟ್ಟಿಕೊಂಡು ಜಗುಲಿಯ ಮೇಲೆ ಕೂತಿದ್ದಳು. ತಮ್ಮನ ತಲೆಯ ಮೇಲಿನ ಮೊರ ನೋಡಿ ಎಲ್ಲ ಅರ್ಥವಾಯಿತು. ಗಂಟನ್ನು ಬಿಚ್ಚಿ ಒಳಗಿಟ್ಟು ಬಂದಳು.

"ಎಷ್ಟು ಹೊತ್ತಾಯ್ತೋ ಸಿಕ್ಕಿಕೊಂಡು?" ಎಂದಳು.

"ಮಧ್ಯಾಹ್ನವೇ ಅಕ್ಕ. ಗಾಡಿಯಲ್ಲಿದ್ದವರು ನಡೆದು ಬಂದ್ರಲ್ಲ, ಅವರು ಹೇಳಿ ಯಾರಾದ್ರೂ ಇಳಿದು ಬರ್ತಾರೆ ಅಂತ ಕಾದೆ."

"ಯಾರು ಬರ್ತಾರೆ? ಅವರು ತಮ್ಮ ತಮ್ಮ ಮನೆ ಸೇರಿಕೊಂಡ್ರು, ಯಾರಿಗೂ ಹೇಳೇ ಇಲ್ಲ. ಆ ಹಳೇ ಜೀಪು ಏರಿನಲ್ಲಿ ಕೆಮ್ಮಿದರೆ ಇಲ್ಲಿಗೇ ಕೇಳಿಸೋದು. 'ಬಂದ ನೋಡು ನಿನ್ನ ತಮ್ಮ, ತಳ್ಳೋಕೆ ಹೋಗ್ಬೇಕು' ಅಂತ ಬೈಕೊಂಡಾದರೂ ಗಂಡಸರು ಇಳಿಯೋರು. ಈಗಿನದು ಸದ್ದೇ ಮಾಡಲ್ವಲ್ಲೋ. ನೀನು ಸಿಕ್ಕಿಕೊಂಡಿದ್ದೀಯ ಅಂತ ಇನ್ಯಾರಿಗೆ ಗೊತ್ತಾಗಬೇಕು?"

ಆ ವರ್ಷ ಅಕ್ಕ ತವರಿಗೆ ಬರಲಿಲ್ಲ.

ಜೀಪಿನವನು ಕೆಳಗಿಳಿದು ಬಂದು ಯೋಚಿಸಿದ. ಹೊಸದರಿಂದಲೇ ಕೇಡಾಯಿತು ಎಂದುಕೊಂಡ. ಹೇಗೋ ಆ ಗಾಡಿಯನ್ನು ಎಳೆಸಿ, ಕೊಟ್ಟುಬಿಟ್ಟ. ತನ್ನ ಹಳೇ ಜೀಪುಗಳಲ್ಲಿ ಒಂದನ್ನು ಕೊಂಡವನನ್ನು ಹುಡುಕಿ, ಕಾಡಿ ಬೇಡಿ ಅದನ್ನೇ ಮರಳಿ ತಂದ. ತೊಳೆದ. ಕುಂಕುಮ ಇಟ್ಟ. ಬೆಟ್ಟಕ್ಕೆ ಹೊರಟ.

ಜೀಪು ಏರಿನ ಬುಡದವರೆಗೂ ಹೋಗಲಿಲ್ಲ. ಅದಕ್ಕಿಂತ ಎಷ್ಟೋ ಕೆಳಗೆ ನಿಂತಿತು. ಹೊಸದು ಕೊರೆದ ಹಳ್ಳದಲ್ಲಿ ಹಳೆಯದರ ಗಾಲಿ ಮುಳುಗಿತು.

ಈಗ ಆ ಊರಿನವರು ಬೆಟ್ಟದ ಇನ್ನೊಂದು ಮಗ್ಗುಲಿನ ಕಾಲುದಾರಿಯಲ್ಲಿ ಇಳಿದು ಸಂತೆಗೆ ಹೋಗುತ್ತಾರೆ. ಕಾಲು ಗಟ್ಟಿಯಿರುವವರಿಗೆ ಅದೇನು ದೂರವಲ್ಲ. ಅವನು ಮಾತ್ರ ಬೆಳಗಾದರೆ ಜೀಪು ನಿಂತಲ್ಲಿಗೆ ಹೋಗುತ್ತಾನೆ. ಕೆಳಗಿನಿಂದ ಒಂದೊಂದೇ ಕಲ್ಲು ಹೊತ್ತು ಹಳ್ಳಕ್ಕೆ ಹಾಕುತ್ತಾನೆ. ಎಲ್ಲರೂ ಒಂದೊಂದು ಹಾಕುತ್ತಿದ್ದಾಗ ಅದು ಯಾರಿಗೂ ಕೆಲಸ ಎನಿಸಿರಲಿಲ್ಲ. ಒಬ್ಬನೇ ಹಾಕಿದರೆ ಅದು ಮುಗಿಯುವುದೇ ಇಲ್ಲ. ಮಳೆ ಬಂದರೆ ಹಾಕಿದ್ದರಲ್ಲಿ ಅರ್ಧ ಕೊಚ್ಚಿಹೋಗುತ್ತದೆ. ಅವನು ಮತ್ತೆ ಹಾಕುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಹಿರಿಯ ಶಿಷ್ಯನ ಕೈಯಲ್ಲಿ ಪತ್ರೆ ಹಾಗೇ ಉಳಿದಿತ್ತು. "ಅಕ್ಕ ಆಮೇಲಾದರೂ ಬಂದಳೇ ಬುದ್ಧೀ?" ಎಂದು ಕೇಳಿದ.

"ಇನ್ನೂ ಬಂದಿಲ್ಲ."

ಗುರುಮಲ್ಲ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಅವನಿಗೆ ಒಂದು ಬಗೆಯ ಸಮಾಧಾನವೇ ಆಗಿತ್ತು. "ತಿಳೀತು ಬುದ್ಧೀ. ಹೊಸದು ಬೇಡ. ಹಳೇದನ್ನೇ ರಿಪೇರಿ ಮಾಡಿಸಿ ಇಟ್ಕೋತೀನಿ."

"ಹಳೆಯದೂ ಹತ್ತಲಿಲ್ಲವಲ್ಲಪ್ಪಾ."

ಗುರುಮಲ್ಲ ತಬ್ಬಿಬ್ಬಾದ. "ಹಾಗಾದರೆ ಹೊಸದನ್ನೇ ತಗೊಳ್ಳಲೇ? ಬ್ರೇಕು ಚೆನ್ನಾಗಿದೆ ಬುದ್ಧೀ. ಅದೊಂದಿದ್ದರೆ ಎರಡರ ಕೆಲಸ ಮಾಡುತ್ತೆ ಅಂತ ಅಂಗಡಿಯವನೂ ಹೇಳಿದ."

ಗುರುಗಳು ಅವನ ಮುಖವನ್ನೇ ನೋಡಿದರು.

"ತಗೋ, ಬೇಡ ಎನ್ನುವುದಿಲ್ಲ. ಆದರೆ ಅದು ಬಂದ ಮೇಲೆ ನಿನಗೆ ಯಾರು ಬೇಡವಾಗುತ್ತಾರೆ, ಅದನ್ನು ಮೊದಲು ಹೇಳು."