ಸೀರೆ ಹರಿದ ತಿರುಳವ್ವ

ಬಲು ಹಿಂದೆ, ನಿನ್ನಜ್ಜನ ಅಜ್ಜನೂ ಹುಟ್ಟೋ ಮುಂಚೆ, ಒಂದು ಕೆರೆ ನೀರಲ್ಲಿ ಕಣ್ಣಿಗೇ ಕಾಣದಂಥ ಮನೆಗಳಿದ್ವಂತೆ. ಒಂದೊಂದು ಮನೇನೂ ಒಂದೊಂದು ಜೀವ. ಓದಿದೋರು ಅದನ್ನ ಜೀವಕೋಶ ಅಂತಾರೆ, ಒಳಗೆ ಕೂತ ಯಜಮಾನ್ತೀನ ಕೋಶಕೇಂದ್ರ ಅಂತಾರೆ. ನಾವು ತಿರುಳವ್ವ ಅನ್ನೋಣ. ಮೈತುಂಬ ಸೀರೆ ಸುತ್ಕೊಂಡು, ವಂಶದ ನೂಲನ್ನೆಲ್ಲ ಮಡಿಲಲ್ಲಿಟ್ಕೊಂಡು ಕೂತಿರ್ತಿದ್ಲಂತೆ.

ಅಂಥ ತಿರುಳವ್ವಂದಿರು ಮೂವರು ಅಕ್ಕತಂಗೇರು. ದೊಡ್ಡೋಳು ದುಂಡುಮನೆಗೆ ಹೋದ್ಲು, ದುಂಡಗಾದ್ಲು. ನಡುವಿನೋಳು ಕೊಳವೆಯಂಥ ಇಕ್ಕಟ್ಟು ಮನೆಗೆ ಹೋದ್ಲು, ಪ್ರತಿ ಮನೇಲೂ ಹಿಡಿದೆಳೆಯೋ ಹಗ್ಗಗಳಿರ್ತವಲ್ಲ, ಅಲ್ಲಿನವು ಎಳೆದೂ ಎಳೆದೂ ಪಡವಲಕಾಯಿ ಹಾಗಾದ್ಲು. ಹೆಣ್ಣನ್ನ ಕೇಳಿ ಯಾವ ಮನೆ ಕಟ್ಟಿದಾರೆ ಹೇಳು. ಕಿರಿಯೋಳು ನೀಲವ್ವನ್ನ ಕೊಟ್ಟದ್ದು ಕೂಡುಮನೆಗೆ: ಒಂದೇ ದೊಡ್ಡ ಪಡಸಾಲೆ, ನಡುವೆ ಗೋಡೆ ಇಲ್ಲ, ಸುತ್ತ ಬೇಕಾದಷ್ಟು ತಿರುಳವ್ವಂದಿರು.

ಆಮೇಲೆ ಮೂವರಿಗೂ ಎರಡಾಗೋ ಕಾಲ ಬಂತಂತೆ; ಅವರು ಹೆರೋದು ಅಂದ್ರೆ ತಾವೇ ಇಬ್ಬರಾಗೋದು. ದೊಡ್ಡೋಳು ತವರಿನ ಪದ್ಧತಿಯಂತೆ ಸೀರೆ ಹರಿದ್ಲು, ಎರಡೂ ಕಡೆಯಿಂದ ಹಗ್ಗ ಬಂದು ನೂಲನ್ನ ಸಮಪಾಲು ಎಳ್ಕೊಂಡ್ವು, ಮನೇನೂ ಸೀಳಿ ಎರಡಾಯ್ತು. ಒಬ್ಬಳೇ ಇದ್ದ ಮನೆ, ಯಾರ ಅಡ್ಡಿ. ನಡುವಿನೋಳೂ ಸೀರೆ ಹರಿದು, ಉದ್ದಕ್ಕೆ ಜಗ್ಗಿಸ್ಕೊಂಡು, ನರಳ್ಕೊಂಡು, ಅಂತೂ ಪಾಲಾದ್ಲು.

ನೀಲವ್ವನ ಸರದಿ ಬಂದಾಗ ಮುದಿ ಅತ್ತೆ ಹೇಳಿದ್ಲಂತೆ, “ಇಲ್ಲಿ ಗೋಡೆ ಇಲ್ಲ ಕಣೇ. ನಿನ್ನ ಸೀರೇನೇ ನಿನ್ನ ಗೋಡೆ. ಸುತ್ಕೊಂಡೇ ಒಳಗೊಳಗೆ ಎರಡಾಗು.”

ನೀಲವ್ವ ಕೇಳ್ತಾಳಾ. ನಿಮ್ಮ ಮನೇಲಿ ಹೆರೋಕೂ ಮುಸುಕು ಬೇಕೇನು ಅಂತ ಹಂಗಿಸಿದ್ಲಂತೆ. “ನಮ್ಮವ್ವ ಹರಿದೇ ನಮ್ಮನ್ನ ಹೆತ್ತದ್ದು” ಅಂದೋಳೇ ಸರ್ರಂತ ಹರಿದುಬಿಟ್ಲಂತೆ.

ಹರಿದದ್ದೇ ತಡ, ಅಕ್ಕಪಕ್ಕದೋರ ಹಗ್ಗಗಳೆಲ್ಲ ಬಂದು ಅವಳ ನೂಲಿಗೆ ತಗಲ್ಕೊಂಡ್ವಂತೆ. ಒಂದು ಅತ್ತ ಎಳೀತು, ಇನ್ನೊಂದು ಇತ್ತ, ಮತ್ತೊಂದು ಮೇಲಕ್ಕೆ. ಇಬ್ಬರಾಗಬೇಕಿದ್ದ ಮಕ್ಕಳಲ್ಲಿ ಒಬ್ಬಳ ಮಡಿಲು ಬರಿದು, ಇನ್ನೊಬ್ಬಳದ್ದು ಬರೀ ಸಿಕ್ಕು. ಉಸಿರಾಡೋದು ಹೇಗೆ, ಉಣ್ಣೋದು ಹೇಗೆ ಅಂತ ಹೇಳಿಕೊಡೋ ನೂಲೇ ಇಲ್ಲ. ಎರಡೂ ಬಾಡಿಹೋದ್ವಂತೆ.

ಅತ್ತೆ ಬಿಡಿಸಿಕೊಡ್ಲಿಲ್ವಾ ಅಜ್ಜಿ ಅಂತೀಯಾ? ಕೈ ಚಾಚಬೇಕಾದ್ರೆ ಅವಳು ತನ್ನ ಸೀರೇನೂ ಬಿಚ್ಚಬೇಕಿತ್ತಲ್ಲೋ ಮಗಾ. ಬಿಗಿಯಾಗಿ ಸುತ್ಕೊಂಡು, ಆ ಕಡೆ ತಿರುಗಿ ಕೂತ್ಲಂತೆ. ಎಲ್ಲರೂ ಹಾಗೇ ಕೂತ್ರಂತೆ.

ಆಮೇಲೆ ಮನೆಯೋರು ನೀಲವ್ವನ ಚೂರುಪಾರನ್ನೇ ಉಂಡು, ಮೈ ತುಂಬ್ಕೊಂಡು, ಒಬ್ಬೊಬ್ರೂ ಇಬ್ಬಿಬ್ರಾಗಿ, ಬಲು ಸುಖವಾಗಿದ್ರಂತೆ. ಕತೇನೂ ಅಲ್ಲಿಗೆ ಮುಗಿದುಹೋಯ್ತಂತೆ. ಮಲಕ್ಕೋ.