ತಡಿಕೆಯ ನುಣ್ಣನೆ ಮೈ

"ಗುರುಗಳೇ, ಮಠದ ಕೆಲಸ ನಮಗೆಲ್ಲ ಸಮವಾಗಿಯೇ ಹಂಚಿಕೆಯಾಗಿತ್ತು. ಮತ್ತೆ ಕರಿಬಸವನೊಬ್ಬನೇ ಯಾಕೆ ಕುಸಿದು ಬಿದ್ದು ಸತ್ತ?"

ಜೊತೆಯ ಶಿಷ್ಯನನ್ನು ಮಣ್ಣು ಮಾಡಿ ಬಂದ ಮುರುಗಯ್ಯ ಹೀಗೆ ಕೇಳಿದ. ಗುರುಗಳಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು.

"ಸಮವಂತೆ ಸಮ! ಕೂತುಕೋ, ಹೇಳುತ್ತೇನೆ."

ಒಬ್ಬ ರೈತನಿದ್ದ. ಅವನ ಹಿತ್ತಿಲಲ್ಲಿ ಒಂದು ನೀರಿನ ತೊಟ್ಟಿ, ಅದರ ನಡುವೆ ಒಂದು ಹಲಗೆ. ಹಲಗೆಯ ಒಂದು ಮೈ ಒರಟು, ಇನ್ನೊಂದು ನುಣುಪು. ನೀರಿಗೆ ಒರಟೇನು, ನುಣುಪೇನು? ಎರಡೂ ಕಡೆ ನೀರು ಸಮ ಇರುವ ತನಕ ಹಲಗೆ ಅಲುಗಲಿಲ್ಲ.

ಅದನ್ನೇ ನಂಬಿ ಅವನು ಕುರಿದೊಡ್ಡಿಯ ನಡುವೆ ಕಡ್ಡಿಯ ತಡಿಕೆ ನಿಲ್ಲಿಸಿದ. ಒಂದು ಮೈಗೆ ಜಾಲಿಮುಳ್ಳು ಹೊದಿಸುವಷ್ಟರಲ್ಲಿ ಮುಳ್ಳು ತೀರಿತು. ಇನ್ನೊಂದು ಮೈಗೆ ಮಣ್ಣು ಮೆತ್ತಿ ನುಣ್ಣಗೆ ಮಾಡಿದ. ಆ ಕಡೆ ಅರ್ಧ, ಈ ಕಡೆ ಅರ್ಧ ಕುರಿ ಕೂಡಿಹಾಕಿದ.

ಕುರಿ ಎಂದರೆ ನೀರೇನಪ್ಪಾ? ಅದಕ್ಕೆ ಕಾಲಿದೆ, ಚಳಿಯಿದೆ, ಮೈ ತುರಿಕೆಯಿದೆ. ಮುಳ್ಳಿನ ಕಡೆಯವು ಒಮ್ಮೆ ಚುಚ್ಚಿಸಿಕೊಂಡು ದೂರ ಸರಿದವು. ಮಣ್ಣಿನ ಕಡೆಯವು ಬಂದು ತಡಿಕೆಗೆ ಒರಗಿದವು. ಒರಗಿದ್ದಕ್ಕೆ ಇನ್ನೊಂದು ಒರಗಿತು, ಅದಕ್ಕೆ ಮತ್ತೊಂದು.

ರೈತನ ಹೆಂಡತಿ ತಾಯಿ ಸತ್ತ ಒಂದು ಮರಿಯನ್ನು ಬಟ್ಟಲಲ್ಲಿ ಹಾಲು ಕುಡಿಸಿ ಸಾಕುತ್ತಿದ್ದಳು. ಮಕ್ಕಳಿಲ್ಲದ ಆಕೆಗೆ ಅದೇ ಜೀವ. ಮುಳ್ಳಿನ ಕಡೆ ಜಾಗ ಖಾಲಿ, ತುಳಿತದ ಭಯವಿಲ್ಲ ಎಂದು ಅದನ್ನು ಅಲ್ಲೇ ಮಲಗಿಸುತ್ತಿದ್ದಳು.

ಒಂದು ಸಂಜೆ ಆಕೆ, "ಏನ್ರೀ, ತಡಿಕೆ ಮುಳ್ಳಿನ ಕಡೆಗೆ ವಾಲಿದ ಹಾಗಿದೆಯಲ್ಲ" ಎಂದಳು.

"ಎರಡೂ ಕಡೆ ಸಮ ಇವೆ ಕಣೇ, ಅದೆಲ್ಲಿಗೆ ಬೀಳುತ್ತೆ? ತೊಟ್ಟಿಯ ಹಲಗೆ ಬಿತ್ತಾ? ಸುಮ್ಮನಿರು" ಎಂದ ರೈತ.

ಬೆಳಗಾಗುವಷ್ಟರಲ್ಲಿ ತಡಿಕೆ ಮುಳ್ಳಿನ ಕಡೆಗೆ ಮಗುಚಿ ಬಿದ್ದಿತ್ತು. ಮರಿ ಅದರ ಅಡಿಯಲ್ಲಿತ್ತು. ಆಕೆ ಮುಳ್ಳಿನೊಳಗೆ ಕೈ ಹಾಕಿ ಅದನ್ನು ತೆಗೆದು, ಸೆರಗಿನಲ್ಲಿ ಸುತ್ತಿಕೊಂಡು ಗೋಳೋ ಎಂದು ಅತ್ತಳು. ರೈತ ಪೆದ್ದನ ಹಾಗೆ ಆ ಕಡೆಯ ಕುರಿಗಳನ್ನೂ ಈ ಕಡೆಯವನ್ನೂ ಎಣಿಸುತ್ತ ನಿಂತಿದ್ದ. ಸಮವೇ ಇದ್ದವು.

ಗುರುಗಳು ಮಾತು ನಿಲ್ಲಿಸಿದರು.

ಮುರುಗಯ್ಯ ಮೆಲ್ಲಗೆ ಹೇಳಿದ: "ಕರಿಬಸವ ಒಂದು ದಿನವೂ ಯಾರ ಮೇಲೂ ಮುನಿದವನಲ್ಲ, ಗುರುಗಳೇ. ಯಾರು ಏನು ಹೇಳಿದರೂ 'ಆಗಲಿ, ಕೊಡಿ, ನಾನು ಮಾಡುತ್ತೇನೆ' ಅನ್ನುತ್ತಿದ್ದ."

"ಅದಕ್ಕೇ ಕಣಪ್ಪಾ, ನಾವೆಲ್ಲ ಅವನಿಗೇ ಒರಗಿದ್ದು."